128 ಎಂಬಿ ರ‍್ಯಾಮ್ ಇದ್ರೂ ಡಿಜೆಜಿಪಿಪಿ ಪ್ರೋಗ್ರಾಂ ಡಿಸ್ಕಿಗೆ ಬೀಳೂದ್ಯಾಕ?

ಗುಮ್ಮಟ386 (ವಿಜಯಪುರ):
ನಮಸ್ಕಾರ‍್ರಿ. ಹಳೇ ಪೆಂಟಿಯಂ, 128 ಎಂಬಿ, ಡಾಸ್ 6.22. ನಮ್ಮೂರ ಸರ್ವೆ ನಕಾಶೆ ಸ್ಕ್ಯಾನ್ ಮಾಡಿಸೀನಿ: 9600×9600, ಕಪ್ಪು-ಬಿಳುಪು, ಪಿಕ್ಸೆಲ್‌ಗೆ ಒಂದು ಬೈಟ್. ಅಂದ್ರ ಹತ್ತಿರ ಹತ್ತಿರ 88 ಎಂಬಿ. ಡಿಜೆಜಿಪಿಪಿ (ಡಾಸ್‌ನ 32-ಬಿಟ್ ಸಿ ಕಂಪೈಲರ್) ಪ್ರೋಗ್ರಾಂನ್ಯಾಗ ಅಷ್ಟೂ ಮೆಮೊರಿ ಒಂದೇ ಮ್ಯಾಲಾಕ್ ಕರೆಗೆ ಕೇಳತೀನಿ, ನಲ್ (ಇಲ್ಲ ಅನ್ನೂ ಉತ್ತರ) ಬರೂದಿಲ್ಲ. ಆದ್ರ ಫೈಲ್ ಮೂರನೇ ಒಂದು ಪಾಲು ಓದೂದರಾಗ ಮಷಿನ್ ತೆವಳಾಕ ಹತ್ತತೈತಿ, ಡಿಸ್ಕಿನ ಲೈಟು ಆರೂದೇ ಇಲ್ಲ. ನಕಾಶೆ ತಿರುಗಿಸಾಕ ಹೋದ್ರಂತೂ ಮುಗೀತು. ಗೆಳೆಯ ಹ್ಯೂಜ್ ಪಾಯಿಂಟರ್ ಹಾಕು ಅಂತಾನ.

ಕೋಟೆಕೆರೆ (ಬೆಳಗಾವಿ):
ಹ್ಯೂಜ್ ಪಾಯಿಂಟರ್ (64 ಕೆಬಿ ದಾಟಿದ ಮೆಮೊರಿ ಮುಟ್ಟೂ ವಿಳಾಸ) 16-ಬಿಟ್ ಟರ್ಬೊ ಸಿ ಕಾಲದ ಔಷಧಿ. 32-ಬಿಟ್ ಪ್ರೋಗ್ರಾಂಗೆ ಅದರ ಹಂಗಿಲ್ಲ.

ನಲ್ ಬರಲಿಲ್ಲ ಅಂದ ಮಾತ್ರಕ್ಕ ರ‍್ಯಾಮ್ ಸಿಕ್ತು ಅನಬ್ಯಾಡ್ರಿ. ಸಿಡಬ್ಲ್ಯೂಎಸ್‌ಡಿಪಿಎಂಐ (ನಿಮ್ಮ ಪ್ರೋಗ್ರಾಂಗೆ ಡಿಪಿಎಂಐ ಪದ್ಧತಿಲೆ ಮೆಮೊರಿ ಕೊಡೂ ಜೊತೆ ಪ್ರೋಗ್ರಾಂ) ಮೊದಲಿಗೆ ಬರೇ ವಿಳಾಸ ಕೊಡತೈತಿ, ನೀವು ಮುಟ್ಟಿದಾಗ ಪೇಜ್ (4 ಕೆಬಿ ತುಂಡು) ತಂದು ಹಾಕತೈತಿ. ರ‍್ಯಾಮ್ ತೀರಿದ್ರ ಡಿಸ್ಕಿನ ಮ್ಯಾಲಿನ ಸ್ವ್ಯಾಪ್ ಫೈಲ್. ಆ ಲೈಟು ಅದರದ. ಡಿಜೆಜಿಪಿಪಿ ಜೊತೆ ಬರೂ ಗೋ32-ವಿ2 ಅಂತಷ್ಟ ಟೈಪ್ ಮಾಡಿ ಎಂಟರ್ ಹೊಡೀರಿ. ಡಿಪಿಎಂಐ ಮೆಮೊರಿ ಎಷ್ಟು ತೋರಸ್ತದ? ಬೂಟ್ ಆಗೂವಾಗ ಡಾಸ್ ಓದೂ ಕಾನ್ಫಿಗ್.ಸಿಸ್‌ನ್ಯಾಗ ಏನೇನ ಐತಿ?

ಗುಮ್ಮಟ386:
31 ಸಾವಿರ ಕೆಬಿ ಚಿಲ್ಲರೆ. ಹೈಮೆಮ್.ಸಿಸ್, ಇಎಂಎಂ386, ಡಾಸ್=ಹೈ,ಯುಎಂಬಿ. ಮೌಸ್, ಸಿಡಿ ಎರಡೂ ಡಿವೈಸ್‌ಹೈ.

ಕೋಟೆಕೆರೆ:
ಹಂಗಾದ್ರ ಎರಡು ಗ್ವಾಡಿ ಅದಾವ್ರಿ. ಮೊದಲನೇದು ಇಎಂಎಂ386, ಮೆಮೊರಿ ನೋಡಿಕೊಳ್ಳೂ ಡ್ರೈವರ್. ಅದು ಇದ್ರ ಮೆಮೊರಿ ವಿಸಿಪಿಐ (ಇಎಂಎಂ386 ಮೆಮೊರಿ ಹಂಚೂ ಪದ್ಧತಿ) ಹಾದಿಯಿಂದ ಬರತೈತಿ, ಡಾಸ್ 6.22ರ ಇಎಂಎಂ386 ಅದರಾಗ 32 ಎಂಬಿ ದಾಟೂದಿಲ್ಲ. ಆ ಸಾಲಿಗೆ ರೆಮ್ ಹಾಕಿ ಬಂದ್ ಮಾಡ್ರಿ, 63 ಎಂಬಿ ಆಸುಪಾಸು ಬರತೈತಿ.

ಅಲ್ಲಿ ಎರಡನೇದು. 6.22ರ ಹೈಮೆಮ್ (1 ಎಂಬಿ ಮ್ಯಾಲಿನ ಮೆಮೊರಿ ಕೊಡೂ ಡ್ರೈವರ್), ಮೆಮೊರಿ ಎಷ್ಟೈತಿ ಅಂತ ಬಯಾಸ್‌ಗೆ ಹಳೇ ಇಂಟರಪ್ಟ್ 15, ಫಂಕ್ಷನ್ 88 ಕರೆಲೆ ಕೇಳತೈತಿ. ಉತ್ತರ 16-ಬಿಟ್ ರಿಜಿಸ್ಟರ್‌ನ್ಯಾಗ, ಕೆಬಿ ಲೆಕ್ಕದಾಗ. 65535ಕ್ಕಿಂತ ದೊಡ್ಡ ಅಂಕಿ ಅದರಾಗ ಹಿಡಿಯೂದೇ ಇಲ್ಲ, ನೀವು ಎಷ್ಟರ ಸ್ಟಿಕ್ ಹಾಕ್ರಿ. ಫ್ರೀಡಾಸ್‌ನ ಹೈಮೆಮ್‌ಎಕ್ಸ್ ಹೊಸ ಕರೆ ಮಾಡತೈತಿ, ಎಂಎಸ್-ಡಾಸ್ ಮ್ಯಾಲೂ ನಡೀತದ. ಹೈಮೆಮ್.ಸಿಸ್ ಸಾಲಿನ ಜಾಗಾದಾಗ ಅದನ್ನ ಹಾಕ್ರಿ. ಬೂಟ್ ಫ್ಲಾಪಿ ಒಂದು ಕೈಯಾಗ ಇರಲಿ, ಕಾನ್ಫಿಗ್.ಸಿಸ್ ತಪ್ಪಿದ್ರ ಪಜೀತಿ.

ಇಎಂಎಂ386 ಹೋದ್ರ ಡಿವೈಸ್‌ಹೈಲೆ ಮ್ಯಾಲೆ ಕುಂತ ಡ್ರೈವರ್ ಎಲ್ಲಾ 640 ಕೆಬಿ ಒಳಗ ಇಳೀತಾವ. ಸಿಡಬ್ಲ್ಯೂಎಸ್‌ಡಿಪಿಎಂಐ ತನ್ನ ಪೇಜ್ ಟೇಬಲ್ (ಯಾವ ಪೇಜ್ ಎಲ್ಲೈತಿ ಅನ್ನೂ ಪಟ್ಟಿ) ಇಡೂದೂ ಅಲ್ಲೇ: 4 ಎಂಬಿಗೆ 4 ಕೆಬಿ. ನಿಮ್ಮ ನಕಾಶೆಗೇ 88 ಕೆಬಿ ಬೇಕು. ಸಿಡಿ ಡ್ರೈವರ್ ಬ್ಯಾಡಾದ್ರ ಬಿಡ್ರಿ.

ಗುಮ್ಮಟ386:
ಆತ್ರಿ! ಈಗ ಒಂದು ಲಕ್ಷ ಇಪ್ಪತ್ತು ಸಾವಿರ ಕೆಬಿ ಮ್ಯಾಲೆ ತೋರಸ್ತೈತಿ. ಫೈಲ್ ಸರಾಗ ಓದತೈತಿ. ಆದ್ರ ತಿರುಗಿಸಿದ್ರ ಮತ್ತ ಅದೇ ಲೈಟು.

ಘಟಪ್ರಭಾ_ಸಿ (ಬಾಗಲಕೋಟೆ):
ತಿರುಗಿಸಿದ ಚಿತ್ರಕ್ಕ ಇನ್ನೊಂದು ಬಫರ್ (ಅಷ್ಟೇ ಮೆಮೊರಿ ಜಾಗಾ) ತಗೊಂಡಿರಬೇಕು ನೀವು. 88ರ ಎರಡರಷ್ಟು 176, ನಿಮ್ಮಲ್ಲಿ ಇರೂದು 128. ನಕಾಶೆ ಚೌಕ ಐತಲ್ಲ, ಎರಡನೇ ಬಫರ್ ಯಾಕ? ಇದ್ದಲ್ಲೇ ನಾಕ್ ನಾಕ್ ಪಿಕ್ಸೆಲ್ ಹಿಡಿದು ಸುತ್ತು ಬದಲಿ ಮಾಡ್ರಿ. ಕಾಲಂ ಉದ್ದಕ್ಕ ಒಂದೊಂದೇ ಬೈಟ್ ಓಡಾಡಿದ್ರ ಪ್ರತಿ ಹೆಜ್ಜೆಗೂ 9600 ಬೈಟ್ ಜಿಗಿತ, ಕ್ಯಾಶ್ (ಪ್ರೊಸೆಸರ್‌ನ ವೇಗದ ಸಣ್ಣ ಮೆಮೊರಿ) ಕೆಲಸಕ್ಕ ಬರೂದಿಲ್ಲ. 64×64 ತುಂಡು ಮಾಡಿ ತಿರುಗಿಸ್ರಿ. 9600ಕ್ಕ 64 ಸರಿಯಾಗಿ 150 ಸಲ ಹೋಗತೈತಿ, ಅಂಚಿನ ತಾಪತ್ರಯನೂ ಇಲ್ಲ.