ಒಂದೇ ಬಾವುಟ, ಎಲ್ಲರಿಗೂ ಒಂದೇ ಅರ್ಥವೇ?

ಬೆಳ್ಳಿಚುಕ್ಕಿ: ತಮ್ಮ ರಾಷ್ಟ್ರಧ್ವಜ ಕಂಡು ಎದೆಯುಬ್ಬದವರಿಗೆ ದೇಶದ ಮೇಲೆ ಪ್ರೀತಿಯೇ ಇಲ್ಲ ಅಂತೀನಿ. ಯೋಧನ ಶವಪೆಟ್ಟಿಗೆ ಮೇಲಿದ್ದ ಬಾವುಟವನ್ನು ಮಡಚಿ ಮನೆಯವರ ಕೈಗಿಡುವಾಗ ಅದು ಬರೀ ಬಟ್ಟೆಯೇ?

ದಾರಿಹೋಕ: ಬರೀ ಬಟ್ಟೆ ಅಂತ ನಾನೂ ಹೇಳಲ್ಲ. ಆದರೆ ಆ ಬಾವುಟದಡಿ ನಮ್ಮನ್ನು ಹೇಗೆ ನಡೆಸಿಕೊಂಡರು ಅನ್ನೋದೂ ಲೆಕ್ಕಕ್ಕೆ ಬರುತ್ತೆ. ದಕ್ಷಿಣ ಆಫ್ರಿಕಾದ ಹಳೇ ಬಾವುಟ 1928ರಿಂದ 1994ರವರೆಗೆ ಹಾರಿತು, ವರ್ಣಭೇದದ ಅಷ್ಟೂ ವರ್ಷ. ಎಲ್ಲ ಜನಾಂಗದವರೂ ಮತ ಹಾಕಿದ ಮೊದಲ ಚುನಾವಣೆಯ ಹೊತ್ತಿಗೆ, 1994ರ ಏಪ್ರಿಲ್ 27ಕ್ಕೆ, ಹೊಸದು ಏರಿತು. ಹಳೆಯದನ್ನು ಕಾರಣವಿಲ್ಲದೆ ಪ್ರದರ್ಶಿಸುವುದು ದ್ವೇಷಭಾಷಣಕ್ಕೆ ಸಮ ಅಂತ 2019ರಲ್ಲಿ ಅಲ್ಲಿನ ಸಮಾನತಾ ನ್ಯಾಯಾಲಯ ತೀರ್ಪು ಕೊಟ್ಟಿತು.

ಬೆಳ್ಳಿಚುಕ್ಕಿ: ಅದು ಇಳಿಸಿಯಾದ ಬಾವುಟ. ಈಗ ಹಾರ್ತಿರೋದರ ಬಗ್ಗೆ ಹೇಳಿ.

ನೀಲಿಶಾಯಿ: ಸರಿ, ಆಸ್ಟ್ರೇಲಿಯಾ. ಮೂಲನಿವಾಸಿ ಓಟಗಾರ್ತಿ ಕ್ಯಾಥಿ ಫ್ರೀಮನ್ 1994ರ ಕಾಮನ್‌ವೆಲ್ತ್ ಕೂಟದಲ್ಲಿ ಗೆದ್ದಾಗ ತನ್ನ ಜನರ ಬಾವುಟ, ದೇಶದ ಬಾವುಟ ಎರಡನ್ನೂ ಹಿಡಿದು ಓಡಿದರು. ತಂಡದ ಮುಖ್ಯಸ್ಥರು ಆಕ್ಷೇಪಿಸಿದರು. ಮುಂದಿನ ಗೆಲುವಿಗೂ ಅವರು ಹಾಗೇ ಮಾಡಿದರು, 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲೂ. ದೇಶದ ಬಾವುಟದ ಮೂಲೆಯಲ್ಲಿರೋ ಬ್ರಿಟನ್ನಿನ ಗುರುತು ಕೆಲವರಿಗೆ ಪರಂಪರೆ. ನೆಲ ಕಳಕೊಂಡ ಎಷ್ಟೋ ಮೂಲನಿವಾಸಿಗಳಿಗೆ ಅದು ಗಾಯ. ಫ್ರೀಮನ್ ಎರಡನ್ನೂ ಕೈಬಿಡಲಿಲ್ಲ ನೋಡಿ, ಅದಕ್ಕೇ ಅವರ ಮೇಲೆ ನನಗೆ ಅಷ್ಟು ಗೌರವ.

ಹಳೇಸೇತುವೆ: ಅದೇ ಗುರುತಿನ ಬಾವುಟವನ್ನು ನ್ಯೂಜಿಲೆಂಡಿನವರು 2016ರ ಜನಮತದಲ್ಲಿ ಉಳಿಸಿಕೊಂಡರು, ಸುಮಾರು 57% ಮತದಿಂದ. ನಮ್ಮ ಸೈನಿಕರು ಇದರಡಿ ಹೋರಾಡಿದ್ದರು ಅನ್ನೋದು ದೊಡ್ಡ ವಾದವಾಗಿತ್ತು. ಬೆಳ್ಳಿಚುಕ್ಕಿಯವರ ಶವಪೆಟ್ಟಿಗೆಯ ಮಾತನ್ನು ಹಗುರವಾಗಿ ತಗೋಬೇಡಿ.

ಬೆಳ್ಳಿಚುಕ್ಕಿ: ಹಾಗಾದರೆ ಸಿಟ್ಟು ಬಂದವರು ಸುಟ್ಟರೂ ಸುಮ್ಮನಿರಬೇಕಾ?

ದಾರಿಹೋಕ: ಸುಡೋದನ್ನು ನೋಡೋಕೆ ನನಗೂ ಆಗಲ್ಲ. ಆದರೂ ಜೈಲಿಗೆ ಹಾಕಬಾರದು. ಅಮೆರಿಕದ ಸುಪ್ರೀಂ ಕೋರ್ಟ್ 1989ರಲ್ಲಿ 5-4ರ ಬಹುಮತದಿಂದ ಅದನ್ನೂ ಅಭಿವ್ಯಕ್ತಿ ಸ್ವಾತಂತ್ರ್ಯ ಅಂದಿತು. ನ್ಯಾಯಮೂರ್ತಿಗಳೇ ಹೆಚ್ಚುಕಮ್ಮಿ ಇಬ್ಭಾಗವಾದರು, ಅಷ್ಟು ಕಷ್ಟದ ಪ್ರಶ್ನೆ. ಹೆದರಿಸಿ ಕೈ ಮುಗಿಸಬಹುದು, ಎದೆಯುಬ್ಬಿಸೋಕಾಗಲ್ಲ.

ಮುಂಜಾವು: ಹಿಡಿಯೋಕೆ ಬಾವುಟವೇ ಇಲ್ಲದವರನ್ನು ಮರೆತಿರಿ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ 10 ನಿರಾಶ್ರಿತ ಕ್ರೀಡಾಪಟುಗಳು ಒಲಿಂಪಿಕ್ ಧ್ವಜದ ಹಿಂದೆ ನಡೆದರು. ಇಡೀ ಕ್ರೀಡಾಂಗಣ ಚಪ್ಪಾಳೆ ಹೊಡೀತು. ಅವರು ಊರು ಬಿಟ್ಟು ಓಡಿದ್ದು ದೇಶದ ಮೇಲೆ ಪ್ರೀತಿ ಇಲ್ಲದೆಯೇ?

ಬೆಳ್ಳಿಚುಕ್ಕಿ: ಇಲ್ಲ. ಪ್ರೀತಿಯೇ ಇಲ್ಲ ಅಂದ ಮಾತನ್ನು ವಾಪಸ್ ತಗೋತೀನಿ. ಸುಡೋ ವಿಷಯದಲ್ಲಿ ಮಾತ್ರ ಒಪ್ಪಲ್ಲ.