ಅಮ್ಮನ ಮಾತ್ರೆ ಅಲಾರಾಂ ತಡವಾಗಿ ಯಾಕೆ ಹೊಡೆಯುತ್ತದೆ?

ಪ್ರಶ್ನೆ, ಮಂಡ್ಯದಿಂದ

ಅಮ್ಮನಿಗೆ ಸಕ್ಕರೆ ಕಾಯಿಲೆ. ಬೆಳಗ್ಗೆ ಏಳಕ್ಕೊಂದು ಮಾತ್ರೆ, ರಾತ್ರಿ ಎಂಟಕ್ಕೊಂದು. ನೆನಪಿಸಲಿ ಅಂತ ಅವರ ಫೋನಿಗೆ ಒಂದು ಆಪ್ ಹಾಕಿಕೊಟ್ಟೆ. ಆಂಡ್ರಾಯ್ಡ್ ಫೋನ್, 4 ಜಿಬಿ ರ‍್ಯಾಮ್. ರಾತ್ರಿಯದು ಸಾಮಾನ್ಯವಾಗಿ ಸರಿಯಾಗೇ ಹೊಡೆಯುತ್ತದೆ. ತಕರಾರು ಬೆಳಗಿನದ್ದೇ. ಫೋನ್ ರಾತ್ರಿಯಿಡೀ ಫ್ರಿಜ್ ಮೇಲೆ ಇರುತ್ತದೆ. ಏಳಕ್ಕೆ ಹೊಡೆಯಬೇಕಾದ್ದು ಏಳೂವರೆಗೆ ಹೊಡೆಯುತ್ತದೆ, ಇಲ್ಲಾ ಅಮ್ಮ ಕೈಗೆತ್ತಿಕೊಂಡ ತಕ್ಷಣ ಟಿಣ್ ಅನ್ನುತ್ತದೆ. ಕೆಲವು ದಿನ ಸದ್ದೇ ಇಲ್ಲ. ನನ್ನ ಮಗ ಕೆಲವು ಸಲ ಮಲಗೋ ಮುಂಚೆ ಅಜ್ಜಿ ಫೋನಿನಲ್ಲಿ ತೆರೆದಿರೋ ಆಪ್‌ಗಳನ್ನೆಲ್ಲ ಮೇಲಕ್ಕೆ ತಳ್ಳಿ ಕ್ಲಿಯರ್ ಮಾಡುತ್ತಾನೆ, ಬ್ಯಾಟರಿ ಉಳಿಯುತ್ತಂತೆ. ಅದು ಸರಿನಾ? ಜಾಸ್ತಿ ರ‍್ಯಾಮ್ ಇರೋ ಫೋನ್ ತಗೋಬೇಕಾ? ಅನುಭವ ಇದ್ದವರು ಹೇಳಿ.

ಮೈಸೂರು, ಸರಸ್ವತಿಪುರಂನಿಂದ

ನನ್ನದು ಮಾತ್ರೆಯಲ್ಲ, ವಾಕಿಂಗ್. ದಿನಾ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುತ್ತೇನೆ. ಎಷ್ಟು ನಡೆದೆ ಅಂತ ಅಳೆಯೋ ಆಪ್ ಹಾಕಿಕೊಂಡಿದ್ದೆ. ಒಂದು ದಿನ ಹೆಜ್ಜಾರ್ಲೆಗಳು ನೀರಿಗೆ ಇಳಿಯುತ್ತಿದ್ದವು. ನಿಂತು ಕ್ಯಾಮೆರಾ ತೆಗೆದು ಹತ್ತಿಪ್ಪತ್ತು ಫೋಟೊ ಹೊಡೆದೆ, ಫೋನ್ ಜೇಬಿಗಿಟ್ಟು ಮುಂದೆ ನಡೆದೆ. ಆಚೆ ದಡದಲ್ಲಿ ಆಪ್ ತೆಗೆದು ನೋಡಿದರೆ, ಮ್ಯಾಪಿನ ಗೆರೆ ಏರಿಯ ದಾರಿ ಬಿಟ್ಟು ಕೆರೆಯ ನಟ್ಟನಡುವೆ ನೇರವಾಗಿ ಹಾದುಬಂದಿದೆ! ಫೋಟೊ ತೆಗೆದ ಜಾಗದಲ್ಲೇ ಆಪ್ ಸತ್ತುಹೋಗಿತ್ತು, ಮತ್ತೆ ತೆರೆದಾಗಲೇ ಎದ್ದಿದ್ದು. ಆ ಎರಡು ಜಾಗದ ಚುಕ್ಕೆ ಸೇರಿಸಿ ಗೆರೆ ಎಳೆದುಬಿಟ್ಟಿದೆ. "ನೀರಿನ ಮೇಲೆ ನಡೆಯೋದು ಯಾವಾಗ ಕಲಿತ್ರಿ" ಅಂತ ಮನೆಯಲ್ಲಿ ಇವತ್ತಿಗೂ ಆಡಿಕೊಳ್ಳುತ್ತಾರೆ.

ಆ ಆಪ್‌ನ ಬ್ಯಾಟರಿ ಸೆಟ್ಟಿಂಗನ್ನು ಅನ್‌ರಿಸ್ಟ್ರಿಕ್ಟೆಡ್, ಅಂದರೆ ಹಿನ್ನೆಲೆಯಲ್ಲಿ ತಡೆಯಿಲ್ಲದೆ ಓಡಲಿ ಅಂತ ಮಾಡಿದ ಮೇಲೆ ಗೆರೆ ಏರಿಯ ದಾರಿ ಬಿಟ್ಟು ಇಳಿದಿಲ್ಲ.

ಮಂಡ್ಯ, ಪೇಟೆ ಬೀದಿಯಿಂದ, ಮೊಬೈಲ್ ರಿಪೇರಿ

ಅಂಗಡಿಗೆ ಬರುವವರ ಹೆಬ್ಬೆರಳು ನೋಡಬೇಕು ನೀವು. ಮಾತಾಡುತ್ತಾ ಮಾತಾಡುತ್ತಾ ಆಪ್‌ಗಳನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತಾರೆ, ಜಪಮಣಿ ಎಣಿಸಿದ ಹಾಗೆ. ಜೊತೆಗೆ ಫೋನ್ ಸ್ಪೀಡ್ ಮಾಡುತ್ತೇನೆ ಅನ್ನೋ ಒಂದು ಬೂಸ್ಟರ್ ಆಪ್ ಬೇರೆ. ಮೊದಲು ಅದನ್ನು ತೆಗೆಯಿರಿ.

ಸೆಟ್ಟಿಂಗ್ ಒಂದೊಂದು ಕಂಪನಿಯದು ಒಂದೊಂದು ಕಡೆ. ಸ್ಯಾಮ್‌ಸಂಗ್ ಆದರೆ ಬ್ಯಾಟರಿಯೊಳಗೆ ಸ್ಲೀಪಿಂಗ್ ಆಪ್ಸ್, ಡೀಪ್ ಸ್ಲೀಪಿಂಗ್ ಆಪ್ಸ್ ಅಂತ, ಮಲಗಿಸಿಟ್ಟ ಆಪ್‌ಗಳ ಪಟ್ಟಿ ಇರುತ್ತದೆ. ಮಾತ್ರೆ ಆಪ್ ಅಲ್ಲಿದ್ದರೆ ಹೊರಗೆ ತನ್ನಿ. ಶವೋಮಿ ಆದರೆ ಆಟೋಸ್ಟಾರ್ಟ್, ಅಂದರೆ ಆಪ್ ತಾನಾಗೇ ಶುರುವಾಗಲು ಬಿಡೋ ಸೆಟ್ಟಿಂಗ್, ಆನ್ ಮಾಡಿ. ಹೊಸ ಫೋನ್ ಬೇಡ. ನನಗೇ ನಷ್ಟ, ಆದರೂ ಹೇಳುತ್ತಿದ್ದೇನೆ.

ಮೈಸೂರು, ಕುವೆಂಪುನಗರದಿಂದ

ಆಪ್ ಬರೆಯೋದೇ ನನ್ನ ಕೆಲಸ. ಅದಕ್ಕೆ ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ. ತಡವಾಗಿ ಹೊಡೆಯೋದು ಒಂದು, ಹೊಡೆಯದೇ ಇರೋದು ಇನ್ನೊಂದು.

ತಡ ಆಗೋದಕ್ಕೆ ಕಾರಣ ಡೋಜ್, ಅಂದರೆ ತೂಕಡಿಕೆ. 2015ರ ಆಂಡ್ರಾಯ್ಡ್ 6ರಲ್ಲಿ ಬಂತು. ಚಾರ್ಜರ್ ಇಲ್ಲದೆ, ಸ್ಕ್ರೀನ್ ಆಫ್ ಆಗಿ, ಫೋನ್ ಅಲುಗಾಡದೆ ತುಂಬ ಹೊತ್ತು ಬಿದ್ದಿದ್ದರೆ ಅದು ತೂಕಡಿಸುತ್ತದೆ. ಆಪ್‌ಗಳ ಸಾಮಾನ್ಯ ಅಲಾರಾಂಗಳನ್ನು ಗುಡ್ಡೆ ಹಾಕಿಕೊಂಡು, ನಡುನಡುವೆ ಎಚ್ಚರ ಆದಾಗ ಒಟ್ಟಿಗೆ ಬಿಡುತ್ತದೆ. ಫ್ರಿಜ್ ಮೇಲಿನ ಫೋನಿಗೆ ಹೇಳಿ ಮಾಡಿಸಿದ ಹಾಗಿದೆ ಇದು. ಎತ್ತಿಕೊಂಡ ತಕ್ಷಣ ಟಿಣ್ ಅನ್ನೋದೂ ಅದಕ್ಕೇ. ರಾತ್ರಿ ಎಂಟಕ್ಕೆ ಅಮ್ಮ ಫೋನ್ ನೋಡುತ್ತಾ ಇರುತ್ತಾರೆ ಅಲ್ವಾ, ಆಗ ತೂಕಡಿಕೆ ಎಲ್ಲಿಂದ ಬರಬೇಕು? ಬೇಕಾದರೆ ಒಂದು ರಾತ್ರಿ ಚಾರ್ಜಿಗೆ ಹಾಕಿಟ್ಟು ನೋಡಿ.

ಗಡಿಯಾರದ ಅಲಾರಾಂ ತೂಕಡಿಕೆಯನ್ನು ದಾಟಿ ಹೊಡೆಯುತ್ತದೆ. ಬೇರೆ ಆಪ್‌ಗಳೂ ಕರಾರುವಾಕ್ಕಾಗಿ ಹೊಡೆಯಬಹುದು, ಆದರೆ ಆಂಡ್ರಾಯ್ಡ್ 12ರಿಂದ ಅದಕ್ಕೆ ಅಲಾರಾಮ್ಸ್ ಅಂಡ್ ರಿಮೈಂಡರ್ಸ್ ಅಂತ ಪ್ರತ್ಯೇಕ ಅನುಮತಿ ಇದೆ. 14ರಲ್ಲಿ ಹೊಸದಾಗಿ ಹಾಕಿದ ಹೆಚ್ಚಿನ ಆಪ್‌ಗಳಿಗೆ ಅದು ತಾನಾಗೇ ಸಿಗೋದಿಲ್ಲ, ನೀವೇ ಕೊಡಬೇಕು.

ಇನ್ನು ಹೊಡೆಯದೇ ಇರೋ ದಿನಗಳು. ಅವು ಮಗ ಕ್ಲಿಯರ್ ಮಾಡಿದ ಮರುದಿನಗಳೇ ಇರಬೇಕು, ನೋಡಿ. ಹಿನ್ನೆಲೆಯಲ್ಲಿರೋ ಆಪ್ ಅಂದರೆ ರೈಲಿನ ಸೀಟಿಗೆ ಹಾಕಿದ ಟವೆಲ್ ಇದ್ದ ಹಾಗೆ. ಆಸಾಮಿ ಅಲ್ಲಿಲ್ಲ, ರ‍್ಯಾಮ್‌ನಲ್ಲಿ, ಅಂದರೆ ಫೋನಿನ ಕೆಲಸದ ಮೆಮೊರಿಯಲ್ಲಿ, ಜಾಗ ಮಾತ್ರ ಹಿಡಿದಿದೆ. ಟವೆಲ್ ಏನೂ ತಿನ್ನೋದಿಲ್ಲ. ರ‍್ಯಾಮ್ ಖಾಲಿ ಇದ್ದರೂ ತುಂಬಿದ್ದರೂ ಬ್ಯಾಟರಿ ಖರ್ಚು ಅಷ್ಟೇ. ರಶ್ ಆದಾಗ ಸಿಸ್ಟಮ್ಮೇ ಹಳೇ ಟವೆಲ್ ಎತ್ತಿ ಎಸೆಯುತ್ತದೆ. ನಾವೇ ಎಸೆದರೆ ಆ ಆಪ್ ಮತ್ತೆ ಮೊದಲಿನಿಂದ ಶುರುವಾಗಬೇಕು, ಖರ್ಚು ಜಾಸ್ತಿ. ಫೋನ್ ಕಂಪನಿಗಳು ಬದಲಾಯಿಸದ ಮೂಲ ಆಂಡ್ರಾಯ್ಡ್‌ನಲ್ಲಿ ಹೀಗೆ ತಳ್ಳಿದರೆ ಅಲಾರಾಂ ಹೋಗೋದಿಲ್ಲ. ಕೆಲವು ಫೋನ್‌ಗಳಲ್ಲಿ ಮಾತ್ರ ಅದು ಫೋರ್ಸ್ ಸ್ಟಾಪ್, ಅಂದರೆ ಆಪನ್ನು ಬಲವಂತವಾಗಿ ಪೂರ್ತಿ ನಿಲ್ಲಿಸಿದ್ದಕ್ಕೆ ಸಮ. ಆಗ ಆ ಆಪ್ ಇಟ್ಟಿದ್ದ ಅಲಾರಾಂಗಳೆಲ್ಲ ರದ್ದು. ಯಾರಾದರೂ ಅದನ್ನು ತೆರೆಯೋವರೆಗೂ ಉಸಿರೆತ್ತುವುದಿಲ್ಲ.

ಜಾಸ್ತಿ ರ‍್ಯಾಮ್ ಇದ್ದರೆ ಜಾಸ್ತಿ ಟವೆಲ್ ಹಿಡಿಸುತ್ತವೆ, ಅಷ್ಟೇ. ಕೆರೆ ಸುತ್ತೋ ಸರ್‌ಗೆ ಉಪಯೋಗ ಆದೀತು. ನಿಮಗಲ್ಲ.

ಮೈಸೂರಿನಿಂದ, ಐಫೋನ್ ಇರುವವರು

ಇಲ್ಲಿ ಮಾತ್ರೆ ಆಪ್ ಸಮಯವನ್ನು ಸಿಸ್ಟಮ್ ಕೈಗೆ ಮೊದಲೇ ಕೊಟ್ಟಿರುತ್ತದೆ, ಆದ್ದರಿಂದ ಆಪನ್ನು ತಳ್ಳಿ ತೆಗೆದರೂ ನೆನಪಿಸುತ್ತದೆ. ಹಾಗಂತ ಎಲ್ಲವೂ ಸಲೀಸಲ್ಲ. ಐಫೋನಿನ ಸಿಸ್ಟಮ್ ಆದ ಐಓಎಸ್‌ನಲ್ಲಿ, 2010ರ ಐಓಎಸ್ 4ರವರೆಗೆ ಹೊರಗಿನ ಆಪ್‌ಗಳಿಗೆ ಹಿನ್ನೆಲೆಯಲ್ಲಿ ಜಾಗವೇ ಇರಲಿಲ್ಲ. ಈಗಲೂ ಬಿಟ್ಟ ಸ್ವಲ್ಪ ಹೊತ್ತಿಗೇ ಆಪನ್ನು ಹೆಪ್ಪುಗಟ್ಟಿಸಿ ಇಡುತ್ತದೆ. ಅಂದಹಾಗೆ, ಆಪ್‌ಗಳನ್ನು ಆಗಾಗ ಮುಚ್ಚುತ್ತೀರಾ, ಬ್ಯಾಟರಿಗೆ ಅದು ಬೇಕಾ ಅಂತ 2016ರಲ್ಲಿ ಒಬ್ಬರು ಆಪಲ್‌ಗೆ ಮೇಲ್ ಮಾಡಿದ್ದರು. ಅಲ್ಲಿನ ಸಾಫ್ಟ್‌ವೇರ್ ವಿಭಾಗದ ಮುಖ್ಯಸ್ಥ ಕ್ರೇಗ್ ಫೆಡರಿಗಿ ಎರಡಕ್ಕೂ ಇಲ್ಲ ಅಂತಲೇ ಉತ್ತರ ಕೊಟ್ಟರು.

ಶ್ರೀರಂಗಪಟ್ಟಣದಿಂದ

ಎಲ್ಲರೂ ಆ ಹುಡುಗನನ್ನೇ ಬೈಯಬೇಡಿ. ಆಪ್ ಸಿಕ್ಕಿಹಾಕಿಕೊಂಡಾಗ ತಳ್ಳಲೇಬೇಕು. ಮ್ಯಾಪ್‌ನಲ್ಲಿ ದಾರಿ ಹಾಕಿ ಮರೆತು ಊರು ಸೇರಿದ ಮೇಲೂ ಅದು ಮಾತಾಡ್ತಾನೇ ಇದ್ದರೆ, ಬ್ಯಾಟರಿ ನಿಜವಾಗಲೂ ಇಳಿಯುತ್ತದೆ. ನನಗೆ ಆಗಿದೆ.

ಪ್ರಶ್ನೆ ಕೇಳಿದವರು, ಆರು ದಿನದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಮೊದಲ ರಾತ್ರಿ ಚಾರ್ಜಿಗೆ ಹಾಕಿಟ್ಟೆ, ಏಳಕ್ಕೆ ಸರಿಯಾಗಿ ಹೊಡೆಯಿತು. ಮರುದಿನ ಮತ್ತೆ ಫ್ರಿಜ್ ಮೇಲೆ, ಏಳು ಇಪ್ಪತ್ತೈದು. ಅಮ್ಮನ ಫೋನ್ ಆಂಡ್ರಾಯ್ಡ್ 14. ಆ ಅನುಮತಿ ಆಫ್ ಆಗಿಯೇ ಇತ್ತು, ಆನ್ ಮಾಡಿದೆ. ಬ್ಯಾಟರಿ ಅನ್‌ರಿಸ್ಟ್ರಿಕ್ಟೆಡ್ ಕೂಡ ಮಾಡಿದೆ. ನಾಲ್ಕು ದಿನದಿಂದ ಫ್ರಿಜ್ ಮೇಲಿದ್ದರೂ ತಪ್ಪಿಲ್ಲ. ಧೈರ್ಯಕ್ಕೆ ಗಡಿಯಾರದಲ್ಲಿ ಏಳೂ ಐದಕ್ಕೆ ಇನ್ನೊಂದು ಅಲಾರಾಂ ಇಟ್ಟಿದ್ದೇನೆ. ಅದಕ್ಕೆ ಮಾತ್ರ ಅಮ್ಮ "ನುಂಗಿ ಆಯ್ತು ಕಣಪ್ಪ" ಅಂತ ದಿನಾ ಉತ್ತರ ಕೊಡುತ್ತಾರೆ.

ಮಗ ಈಗ ಅಜ್ಜಿ ಫೋನ್ ಮುಟ್ಟುವುದಿಲ್ಲ. ತನ್ನದನ್ನು ಮಾತ್ರ ಕ್ಲಿಯರ್ ಮಾಡಿ ಮಲಗುತ್ತಾನೆ.