ಗಾಡಿಯೇ ಸ್ಟೇರಿಂಗ್ ಎಳೆಯುತ್ತದೆ, ಇದನ್ನು ಆಫ್ ಮಾಡಿಬಿಡಲಾ?

ಗೋಕುಲ ರೋಡ್ ಹುಡುಗ:

ಎಲ್ಲರಿಗೂ ನಮಸ್ಕಾರ್ರೀ. ಮೂರು ತಿಂಗಳ ಹಿಂದೆ ಹೊಸ ಕಾರು ತೆಗೆದುಕೊಂಡೆ. ಕಂಪನಿ ಹೆಸರು ಬೇಡ ಬಿಡಿ, ಸುಮ್ನೆ ಜಗಳ ಶುರುವಾಗುತ್ತದೆ. ಅಡಾಸ್ ಇರುವ ಮಾಡೆಲ್. ಎದುರಿಗೆ ಏನಾದರೂ ಬಂದರೆ ತಾನೇ ಬ್ರೇಕ್ ಹಾಕುತ್ತದೆ, ರಸ್ತೆಯ ಬಿಳಿ ಪಟ್ಟಿ ದಾಟಿದರೆ ಸ್ಟೇರಿಂಗ್ ತಿರುಗಿಸಿ ಒಳಗೆ ತರುತ್ತದೆ, ಮುಂದಿನ ಗಾಡಿಯಿಂದ ಅಂತರ ಇಟ್ಟುಕೊಂಡು ಹೋಗುತ್ತದೆ. ಇಷ್ಟಕ್ಕೇ ಒಂದು ಲಕ್ಷಕ್ಕಿಂತ ಜಾಸ್ತಿ ಕೊಟ್ಟಿದ್ದೇನೆ, ಅದಕ್ಕೇ ಹೊಟ್ಟೆ ಉರಿಯುತ್ತಿದೆ.

ಹೋದ ವಾರ ಅಪ್ಪನನ್ನು ಕೂಡಿಸಿಕೊಂಡು ಗದಗಕ್ಕೆ ಹೊರಟಿದ್ದೆ. ಅಣ್ಣಿಗೇರಿ ದಾಟಿದ ಮೇಲೆ ಎಡಗಡೆಯ ಅರ್ಧ ಲೇನಿಗೆ ಗೋವಿನಜೋಳ ಹರವಿದ್ದರು. ಈಗ ರಾಶಿ ಮಾಡುವ ಹೊತ್ತು, ಗೊತ್ತಲ್ಲ. ಅಂಚಿಗೆ ಸಾಲಾಗಿ ಕಲ್ಲು ಬೇರೆ ಇಟ್ಟಿದ್ದರು. ನಾನು ಮೆಲ್ಲಗೆ ಬಲಕ್ಕೆ ಸರಿದೆ. ಗಾಡಿ ಒಪ್ಪಲಿಲ್ಲ! ಸ್ಟೇರಿಂಗ್ ತಾನೇ ಎಡಕ್ಕೆ ಎಳೆಯಿತು, ಅಂದರೆ ನೇರ ಕಲ್ಲಿನ ಕಡೆಗೆ. ಜಗ್ಗಿ ಹಿಡಿದೆ, ಪುಣ್ಯಕ್ಕೆ ಏನೂ ಆಗಲಿಲ್ಲ. ಅಪ್ಪ ಅಂಬಾಸಿಡರ್‌ನಿಂದ ಶುರು ಮಾಡಿ 30 ವರ್ಷ ಗಾಡಿ ಓಡಿಸಿದವರು. "ಗಾಡಿ ನೀ ಹೇಳಿದ್ದು ಕೇಳತೈತೋ, ಅದು ಹೇಳಿದ್ದು ನೀ ಕೇಳಬೇಕೋ?" ಅಂದರು. ಆಮೇಲೆ ಗದಗ ಬರುವವರೆಗೂ ಮಾತಿಲ್ಲ. ವಾಪಸ್ ಬರುವಾಗ ಓಡಿಸಿ ಅಂದರೆ ಕೀಲಿಯನ್ನೇ ಮುಟ್ಟಲಿಲ್ಲ.

ಊರೊಳಗೆ ಬೇರೆ ಕಥೆ. ನವನಗರದ ಹತ್ತಿರ ತಿರುವಿನಲ್ಲಿ ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ದಾರಿಯ ಕಂಬಿ ನೋಡಿ ಕೀಂ ಕೀಂ ಅನ್ನುತ್ತದೆ. ಮುಂದಿನ ಗಾಡಿಗೆ ಇದು ಬಿಟ್ಟ ಜಾಗದಲ್ಲಿ ಆಟೋ, ಬೈಕು ಎಲ್ಲ ತೂರಿಕೊಳ್ಳುತ್ತವೆ, ಇದು ಮತ್ತೆ ಬ್ರೇಕ್ ಹಾಕುತ್ತದೆ, ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ಕೇಳುವುದು ಇಷ್ಟೇ: ಇದೆಲ್ಲ ನಮ್ಮ ಕಡೆಯ ರಸ್ತೆಗೆ ಉಪಯೋಗವಾ, ಇಲ್ಲಾ ಉಪದ್ರವಾ? ಎಲ್ಲ ಆಫ್ ಮಾಡಿ ಹಳೆಯ ಕಾರಿನ ಹಾಗೆ ಓಡಿಸಿದರೆ ತಪ್ಪೇನು?

ಸಪ್ತಾಪುರದ ಮಳೆ:

ತಮ್ಮಾ, ಮೊದಲು ಒಂದು ಪ್ರಶ್ನೆ. ಬಲಕ್ಕೆ ಸರಿಯುವಾಗ ಇಂಡಿಕೇಟರ್ ಹಾಕಿದ್ದೆಯಾ?

ಹಾಕಿರಲಿಕ್ಕಿಲ್ಲ. ಇಂಡಿಕೇಟರ್ ಹಾಕಿದರೆ ಅದು ಎಳೆಯುವುದಿಲ್ಲ, ನೀನು ಬೇಕಂತಲೇ ಹೋಗುತ್ತಿದ್ದೀಯ ಅಂತ ಅರ್ಥ ಮಾಡಿಕೊಳ್ಳುತ್ತದೆ. ಹಾಕದಿದ್ದರೆ ಡ್ರೈವರ್ ತೂಕಡಿಸುತ್ತಿದ್ದಾನೆ ಅಂತ ತಿಳಿಯುತ್ತದೆ. ಪಾಪ, ಹುಬ್ಬಳ್ಳಿಯಲ್ಲಿ ಎಚ್ಚರ ಇರುವವರೂ ಇಂಡಿಕೇಟರ್ ಹಾಕುವುದಿಲ್ಲ ಅಂತ ಅದನ್ನು ಮಾಡಿದವರಿಗೆ ಯಾರೂ ಹೇಳಿಲ್ಲ.

ನಾನು ವಾರಕ್ಕೆ ಐದು ದಿನ ಧಾರವಾಡದಿಂದ ಹಾವೇರಿಗೆ ಪಾಠ ಮಾಡಲಿಕ್ಕೆ ಹೋಗಿ ಬರುತ್ತೇನೆ. ನನ್ನ ಕಾರಿನಲ್ಲೂ ಇದೆಲ್ಲ ಇದೆ. ಪಟ್ಟಿಯೊಳಗೆ ಎಳೆಯುವುದನ್ನು ಆಫ್ ಮಾಡಿಟ್ಟಿದ್ದೇನೆ, ಹೌದು. ಆದರೆ ತಾನೇ ಬ್ರೇಕ್ ಹಾಕುವುದನ್ನು ಮುಟ್ಟಿಲ್ಲ. ಹೋದ ಜುಲೈನಲ್ಲಿ ಸಂಜೆ ಜೋರು ಮಳೆ, ಬಂಕಾಪುರ ದಾಟಿದ್ದೆ. ಹಿಂದೆ ಕೂತಿದ್ದ ಮಗಳು ನೀರಿನ ಬಾಟಲಿ ಬೀಳಿಸಿದಳು, ನಾನು ಒಂದು ಕ್ಷಣ ಹಿಂದೆ ತಿರುಗಿದೆ. ಅಷ್ಟರಲ್ಲಿ ಮುಂದಿನ ಲಾರಿ ಬ್ರೇಕ್ ಹಾಕಿತ್ತು. ಕಾರು ಕೂಗಿತು, ನಾನು ಮುಂದೆ ನೋಡುವ ಮೊದಲೇ ಬ್ರೇಕ್ ಹಿಡಿಯಿತು. ಲಾರಿಯ ಹಿಂದೆ ಬರೆದ ಅಕ್ಷರ ಓದುವಷ್ಟು ಹತ್ತಿರ ನಿಂತಿತ್ತು. ಆವತ್ತಿನಿಂದ ಅದು ಸುಮ್ಮಸುಮ್ಮನೆ ಹತ್ತು ಸಲ ಕೂಗಿದರೂ ನಾನು ಬೈಯುವುದಿಲ್ಲ.

ಆದರೆ ಇದೇ ಎಲ್ಲವನ್ನೂ ಕಾಯುತ್ತದೆ ಅಂತಲೂ ಅಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡ ಬೈಪಾಸು ವರ್ಷಗಟ್ಟಲೆ ಎರಡೇ ಲೇನು, ನಡುವೆ ಡಿವೈಡರ್ ಇಲ್ಲದೆ ಇತ್ತಲ್ಲ. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೋ ಟ್ರಾವೆಲರ್ ಟಿಪ್ಪರಿಗೆ ಡಿಕ್ಕಿಯಾದದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಎರಡೂ ಕಡೆಯಿಂದ ಆ ವೇಗದಲ್ಲಿ ಬರುವಾಗ ಯಾವ ಸೆನ್ಸರ್ ಏನು ಮಾಡೀತು? ಅಲ್ಲಿ ಬೇಕಾಗಿದ್ದು ಅಗಲ ರಸ್ತೆ ಮತ್ತು ನಡುವೆ ಒಂದು ಗೋಡೆ.

ಬ್ಯಾಡಗಿ ಖಾರ:

ಅಕ್ಕಾ, ಇಂಡಿಕೇಟರ್ ಮಾತು ಸರಿ, ಆದರೆ ಸವಣೂರು ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದರೆ ಇಂಡಿಕೇಟರ್ ಹಾಕುವಷ್ಟು ವೇಳೆ ಎಲ್ಲಿರುತ್ತದೆ?

ಮತ್ತೆ ಎಲ್ಲರೂ ಅಡಾಸ್ ಅಡಾಸ್ ಅಂತೀರಿ, ನನ್ನ ಸಿಟ್ಟು ಆ ಟಿವಿ ಮೇಲೆ. ಡ್ಯಾಶ್‌ಬೋರ್ಡಿನಲ್ಲಿ ಟಿವಿ ಇಟ್ಟಿದ್ದಾರಲ್ಲ, ಅದು. ಮೊದಲು ಎಸಿ ಕಡಿಮೆ ಮಾಡಲಿಕ್ಕೆ ಒಂದು ತಿರುಗುಣಿ ಇತ್ತು. ಕತ್ತಲಲ್ಲೂ ಕೈಗೆ ಸಿಗುತ್ತಿತ್ತು, ಕಣ್ಣು ರಸ್ತೆ ಮೇಲೇ ಇರುತ್ತಿತ್ತು. ಈಗ ಸ್ಕ್ರೀನ್ ಮುಟ್ಟು, ಅದರಲ್ಲಿ ಎಸಿ ಚಿತ್ರ ಹುಡುಕು, ಗುಂಡಿಯಲ್ಲಿ ಗಾಡಿ ಕುಣಿದರೆ ಬೆರಳು ಬೇರೆಲ್ಲೋ ಬೀಳುತ್ತದೆ, ಹಾಡು ಬದಲಾಗುತ್ತದೆ. 80ರಲ್ಲಿ ಹೋಗುವಾಗ ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗಿರುತ್ತೀರಿ. ಮೂರು ಸೆಕೆಂಡ್ ಸ್ಕ್ರೀನ್ ನೋಡಿದರೆ 66 ಮೀಟರ್ ಕಣ್ಣು ಮುಚ್ಚಿ ಓಡಿಸಿದ ಹಾಗೆ, ಅಲ್ವಾ?

ಇದು ನನ್ನೊಬ್ಬನ ತಕರಾರಲ್ಲ. 2022ರಲ್ಲಿ ಸ್ವೀಡನ್ನಿನ ಒಂದು ಕಾರು ಪತ್ರಿಕೆ ಪರೀಕ್ಷೆ ಮಾಡಿತ್ತು. 110 ಕಿ.ಮೀ. ವೇಗದಲ್ಲಿ ಓಡಿಸುತ್ತಾ ರೇಡಿಯೋ, ಹೀಟರ್‌ನಂಥ ನಾಲ್ಕು ಕೆಲಸ ಮಾಡಬೇಕು. ಬಟನ್ ಇರುವ 2005ರ ಹಳೆಯ ವೋಲ್ವೋದಲ್ಲಿ 10 ಸೆಕೆಂಡ್ ಸಾಕಾಯಿತು. ಕೊನೆಗೆ ಬಂದ ಸ್ಕ್ರೀನ್ ಕಾರಿಗೆ 44.9 ಸೆಕೆಂಡ್, ಅಷ್ಟರಲ್ಲಿ ಅದು ಒಂದೂಕಾಲು ಕಿಲೋಮೀಟರಿಗಿಂತ ಜಾಸ್ತಿ ಓಡಿತ್ತು. ಯೂರೋಪಿನಲ್ಲಿ ಕಾರಿಗೆ ಸುರಕ್ಷತೆಯ ಸ್ಟಾರ್ ಕೊಡುವ ಯೂರೋ ಎನ್‌ಕ್ಯಾಪ್‌ನವರು 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್, ಹಜಾರ್ಡ್ ಲೈಟ್ ಇವುಗಳಿಗೆ ಕೈಗೆ ಸಿಗುವ ಬಟನ್ನೋ ಕಡ್ಡಿಯೋ ಇರಬೇಕು ಅಂತ ನಿಯಮ ತಂದಿದ್ದಾರೆ, ಇಲ್ಲದಿದ್ದರೆ ಐದು ಸ್ಟಾರ್ ಸಿಗುವುದು ಕಷ್ಟ. ಅಂದರೆ ಹಾರ್ನಿಗೂ ಬಟನ್ ಇಡಿ ಅಂತ ಹೇಳುವ ಕಾಲ ಬಂತು. ನಮ್ಮಲ್ಲಿ ಹಾರ್ನ್ ಸ್ಕ್ರೀನಿನೊಳಗೆ ಇಟ್ಟು ನೋಡಲಿ, ಹಾವೇರಿ ಬಸ್‌ಸ್ಟ್ಯಾಂಡ್ ದಾಟುವುದರೊಳಗೆ ಗಾಜು ಒಡೆದಿರುತ್ತದೆ.

ಟ್ಯಾಕ್ಸಿ ಕಾಕಾ:

ನಾನು ಬರೆಯುವುದು ಕಡಿಮೆ, ಓದುತ್ತಿರುತ್ತೇನೆ. ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ.

ನಿಮ್ಮ ತಂದೆಯವರ ಸಿಟ್ಟು ನನಗೆ ಗೊತ್ತಾಗುತ್ತದೆ. ನಾನೂ ಹಾಗೇ ಇದ್ದೆ. ಆದರೆ ಅವರಿಗೆ ಒಂದು ಮಾತು ಹೇಳಿ. ಅಡಾಸ್ ಬಿಡಿ, ಎಬಿಎಸ್ ಬಗ್ಗೆ, ಅಂದರೆ ಗಾಲಿ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಬ್ರೇಕು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ. ನಾವು ಕಲಿತದ್ದು ಏನು? ಗಾಡಿ ಜಾರಿದರೆ ಬ್ರೇಕ್ ಒತ್ತಿ ಬಿಡು, ಒತ್ತಿ ಬಿಡು. ಗಟ್ಟಿಯಾಗಿ ಒತ್ತಿದರೆ ಗಾಲಿ ಲಾಕ್ ಆಗಿ ಗಾಡಿ ಹೋದ ಕಡೆ ಹೋಗುತ್ತಿತ್ತು. ಎಬಿಎಸ್ ಅದೇ ಕೆಲಸವನ್ನು ಒಂದು ಸೆಕೆಂಡಿನಲ್ಲಿ ಎಷ್ಟೋ ಸಲ ತಾನೇ ಮಾಡುತ್ತದೆ. ನಾವೂ ಕಾಲಿನಿಂದ ಪಂಪ್ ಮಾಡಿದರೆ ಅದರ ಕೆಲಸ ಕೆಡಿಸಿದ ಹಾಗೆ. ಇದು ನನಗೆ ಗೊತ್ತಿರಲಿಲ್ಲ. ಕಲಘಟಗಿ ದಾಟಿದ ಮೇಲೆ ಒಂದು ಸಲ ನಾಯಿ ಅಡ್ಡ ಬಂತು. ಜೋರಾಗಿ ಒತ್ತಿದೆ, ಪೆಡಲ್ ಕಾಲ ಕೆಳಗೆ ಗಡಗಡ ನಡುಗಿತು. ಏನೋ ಮುರಿಯಿತು ಅಂತ ಕಾಲು ತೆಗೆದುಬಿಟ್ಟೆ! ನಾಯಿಯೇ ಶಾಣ್ಯಾ ಇತ್ತು, ಓಡಿಹೋಯಿತು. ಆಮೇಲೆ ಗ್ಯಾರೇಜಿನವರು ಹೇಳಿದರು, ನಡುಗುವುದೇ ಅದು ಕೆಲಸ ಮಾಡುತ್ತಿದೆ ಅನ್ನುವ ಗುರುತು, ಕಾಲು ತೆಗೆಯಬೇಡಿ, ಒತ್ತಿ ಹಿಡಿದು ಸ್ಟೇರಿಂಗ್ ತಿರುಗಿಸಿ ಅಂತ. ಗಾಡಿ ಕೊಡುವಾಗ ಇದನ್ನು ಯಾರೂ ಹೇಳಲಿಲ್ಲ. ಹಾಡು ಹಚ್ಚುವುದು ಹೇಗೆ ಅಂತ ಮಾತ್ರ ಅರ್ಧ ತಾಸು ತೋರಿಸಿದ್ದರು.

ಇನ್ನೊಂದು, ಹರವಿದ ಜೋಳದ ಮೇಲೆ ಎಬಿಎಸ್ ಇದ್ದರೂ ಗಾಡಿ ಬೇಗ ನಿಲ್ಲುವುದಿಲ್ಲ. ಕಡಿ ಮೇಲೆ ಓಡಿಸಿದ ಹಾಗೆ. ಅಲ್ಲಿ ಮೊದಲೇ ಸಾವಕಾಶ ಆಗಬೇಕು, ಅದನ್ನು ಯಾವ ಕಂಪ್ಯೂಟರೂ ಹೇಳುವುದಿಲ್ಲ. ಅರಬೈಲ್ ಘಟ್ಟ ಇಳಿಯುವಾಗಲೂ ಸೆಕೆಂಡ್ ಗೇರೇ ಗತಿ. ಆಟೊಮ್ಯಾಟಿಕ್ ಗಾಡಿಯವರು ಡಿ ಹಾಕಿ ಬ್ರೇಕ್ ಒತ್ತುತ್ತಲೇ ಇಳಿಯುತ್ತಾರೆ, ಕೆಳಗೆ ಬರುವಷ್ಟರಲ್ಲಿ ಸುಟ್ಟ ವಾಸನೆ.

ಹಿಂದಿನ ಕ್ಯಾಮೆರಾ ಮಾತ್ರ ಯಾರೂ ಬೈಯಬೇಡಿ. ನನ್ನ ಕುತ್ತಿಗೆಗೆ ಅದೇ ಔಷಧಿ.

ಎರೆಮಣ್ಣು:

ಗ್ಯಾರೇಜಿನವರ ಹೆಸರು ಬಂತು, ನಾನೂ ಅದೇ ಮಂದಿ. ಗದಗ-ಬೆಟಗೇರಿಯಲ್ಲಿ ಕೆಲಸ. ಈ ಅಡಾಸ್ ಗಾಡಿಗಳು ನಮ್ಮಲ್ಲಿಗೆ ಬಂದಾಗ ಅರ್ಧ ದೂರು ಗಾಡಿಯದಲ್ಲ.

ಅದಕ್ಕೆ ಇರುವುದು ಎರಡು ಕಣ್ಣು. ಒಂದು ಕ್ಯಾಮೆರಾ, ಮುಂದಿನ ಗಾಜಿಗೆ ಒಳಗಿನಿಂದ, ಕನ್ನಡಿಯ ಹಿಂದೆ. ಇನ್ನೊಂದು ರೇಡಾರ್, ಸಾಮಾನ್ಯವಾಗಿ ಮುಂದಿನ ಲೋಗೋದ ಹಿಂದೆ ಇಲ್ಲವೇ ಬಂಪರಿನಲ್ಲಿ. ಕೆಲವು ಕಾರಿಗೆ ಕ್ಯಾಮೆರಾ ಮಾತ್ರ. ಇನ್ನು ನಮ್ಮವರು ಏನು ಮಾಡುತ್ತಾರೆ ನೋಡಿ. ಗಾಜಿನ ಮೇಲ್ಭಾಗಕ್ಕೆ ಇಷ್ಟು ದೊಡ್ಡ ದೇವರ ಸ್ಟಿಕ್ಕರ್. ಮಳೆಗಾಲದಲ್ಲಿ ಹೊಲದ ದಾರಿಗೆ ಹೋಗಿ ಬಂದು ಬಂಪರಿಗೆಲ್ಲ ಎರೆಮಣ್ಣು, ಅದು ಒಣಗಿದ ಮೇಲೆ ಉಳಿಯಿಂದ ಕೆತ್ತಬೇಕು. ಮುಂದೆ ಕಬ್ಬಿಣದ ಗಾರ್ಡ್, ಅದು ಬೇಡ ಅಂತ ಕೇಂದ್ರ ಸರ್ಕಾರ 2017ರಲ್ಲೇ ಹೇಳಿದೆ, ಆದರೂ ಹಾಕಿಸುತ್ತಾರೆ. ಲೋಗೋ ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ. ನಗಬೇಡಿ, ನೀರಿನ ಅಂಶ ಇರುವ ವಸ್ತು ರೇಡಾರಿಗೆ ಅಡ್ಡಿಯೇ. ಆಯುಧ ಪೂಜೆಯ ಮರುದಿನ ಚೆಂಡುಹೂವಿನ ಮಾಲೆ ಹಾಗೇ ಬಿಟ್ಟು ಒಬ್ಬರು ಬಂದಿದ್ದರು, "ಸೆನ್ಸರ್ ಕೆಟ್ಟಿದೆ" ಅಂತ. ಮಾಲೆ ಬಿಚ್ಚಿ ಕಳಿಸಿದೆ, ದುಡ್ಡು ತೆಗೆದುಕೊಳ್ಳಲಿಲ್ಲ.

ಮುಂದಿನ ಗಾಜು ಒಡೆದು ಹೊಸದು ಹಾಕಿಸಿದರೆ ಕ್ಯಾಮೆರಾವನ್ನು ಮತ್ತೆ ಹೊಂದಿಸಲೇಬೇಕು. ಕೂದಲೆಳೆಯಷ್ಟು ವಾರೆ ಇದ್ದರೂ ದೂರದಲ್ಲಿ ಪಕ್ಕದ ಲೇನಿನ ಗಾಡಿಯನ್ನು ನಮ್ಮ ಲೇನಿನದು ಅಂತ ತಿಳಿಯುತ್ತದೆ. ಇದು ಎಲ್ಲ ಗ್ಯಾರೇಜಿನಲ್ಲಿ ಆಗುವ ಕೆಲಸವಲ್ಲ, ನಮ್ಮಲ್ಲೂ ಆಗುವುದಿಲ್ಲ, ಅದಕ್ಕೆ ಬೇರೆ ಸಲಕರಣೆ ಬೇಕು.

ಇನ್ನೊಂದು ಮಾತು, ಇದು ಗಂಭೀರ. ರಾತ್ರಿ ಹೊತ್ತು ರಿಫ್ಲೆಕ್ಟರ್ ಇಲ್ಲದೆ ನಿಂತ ಕಬ್ಬಿನ ಟ್ರೇಲರ್, ಜಾತ್ರೆಗೆ ಹೊರಟ ಚಕ್ಕಡಿ, ಇವನ್ನು ಅದು ನೋಡಿಯೇ ನೋಡುತ್ತದೆ ಅಂತ ನಂಬಬೇಡಿ. ಕ್ಯಾಮೆರಾಕ್ಕೆ ಕಾರು, ಲಾರಿ, ಬೈಕು, ಮನುಷ್ಯರ ಆಕಾರ ಕಲಿಸಿರುತ್ತಾರೆ. ಹಿಂದಿನಿಂದ ನೋಡಿದರೆ ಮೇವು ತುಂಬಿದ ಚಕ್ಕಡಿ ಯಾವ ಆಕಾರ? ರೇಡಾರ್ ಕೂಡ ಜೋರು ವೇಗದಲ್ಲಿ, ನಿಂತ ವಸ್ತುವನ್ನು ಎಷ್ಟೋ ಸಲ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಇಲ್ಲದಿದ್ದರೆ ಪ್ರತಿ ಬೋರ್ಡಿಗೂ ಕಂಬಕ್ಕೂ ಬ್ರೇಕ್ ಹಾಕುತ್ತಾ ಹೋಗಬೇಕಾಗುತ್ತದೆ.

ಬ್ಯಾಡಗಿ ಅಣ್ಣಾ, ಎಮ್ಮೆ ಬಂದರೆ ಇಂಡಿಕೇಟರ್ ಬೇಡ, ಸ್ಟೇರಿಂಗ್ ತಿರುಗಿಸಿ. ಅದು ಎಳೆಯುವ ಜೋರು ಬಹಳ ಕಡಿಮೆ, ಒಂದು ಕೈಯಲ್ಲಿ ಮೀರಬಹುದು. ಮೊದಲ ಸಲ ಹೆದರಿಕೆ ಆಗುತ್ತದೆ ಅಷ್ಟೇ.

ಬ್ಯಾಡಗಿ ಖಾರ:

ಆ ಮೊದಲ ಸಲವೇ ಎಮ್ಮೆ ಬಂದರೆ?

ಸರಿ ಬಿಡಿ. ಇನ್ನೊಂದು ಕೇಳಿ, ಇದರಲ್ಲಿ ನಮ್ಮದೂ ತಪ್ಪಿದೆ. 2019ರ ಜುಲೈನಿಂದ ಸೀಟ್ ಬೆಲ್ಟ್ ಹಾಕದಿದ್ದರೆ ಕೂಗುವುದು, 80 ದಾಟಿದರೆ ಒಮ್ಮೊಮ್ಮೆ, 120 ದಾಟಿದರೆ ಬಿಡದೆ ಕೂಗುವುದು ಎಲ್ಲ ಹೊಸ ಕಾರಿಗೂ ಬಂತು. ನಮ್ಮ ಓಣಿಯಲ್ಲಿ ಒಬ್ಬರು ಏನು ಮಾಡಿದರು? ಬೆಲ್ಟ್ ಹಾಕುವ ಕಡೆ ಖಾಲಿ ಕ್ಲಿಪ್ ಸಿಕ್ಕಿಸಿಕೊಂಡರು. ಆ ಕ್ಲಿಪ್ ಮಾರಬೇಡಿ ಅಂತ 2023ರಲ್ಲಿ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಗೆ ಆದೇಶ ಮಾಡಬೇಕಾಯಿತು. ಜೀವ ಉಳಿಸುವ ಬೆಲ್ಟ್ ಬಾಯಿ ಮುಚ್ಚಿಸಲಿಕ್ಕೆ ದುಡ್ಡು ಕೊಡುವ ಮಂದಿ ನಾವು. ಬೆಲ್ಟ್ ಇಲ್ಲದೆ ಏರ್‌ಬ್ಯಾಗ್ ಬಿಚ್ಚಿಕೊಂಡರೆ ಅದೇ ಮುಖಕ್ಕೆ ಗುದ್ದುತ್ತದೆ ಅಂತ ಅವರಿಗೆ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ.

ಆದರೂ ಆ ಟಿವಿ ಬೇಡ.

ಗೋಕುಲ ರೋಡ್ ಹುಡುಗ:

ಎಲ್ಲರಿಗೂ ಧನ್ಯವಾದ. ಒಪ್ಪಿಕೊಳ್ಳುತ್ತೇನೆ, ಇಂಡಿಕೇಟರ್ ಹಾಕಿರಲಿಲ್ಲ. ಅಕ್ಕನ ಹಾಗೆ ಪಟ್ಟಿಯೊಳಗೆ ಎಳೆಯುವುದನ್ನು ಮಾತ್ರ ಆಫ್ ಮಾಡಿದೆ, ಬ್ರೇಕ್ ಹಾಗೇ ಬಿಟ್ಟಿದ್ದೇನೆ. ಅಂತರ ಇಟ್ಟು ಓಡುವುದನ್ನು ಊರೊಳಗೆ ಹಾಕುವುದಿಲ್ಲ, ದೊಡ್ಡ ಹೆದ್ದಾರಿ ಸಿಕ್ಕರೆ ನೋಡೋಣ.

ಭಾನುವಾರ ಬೆಳಿಗ್ಗೆ ಅಪ್ಪನನ್ನು ಹೊಸ ಲೇಔಟ್ ಕಡೆ ಕರೆದುಕೊಂಡು ಹೋದೆ. ಇನ್ನೂ ಮನೆ ಎದ್ದಿಲ್ಲ, ರಸ್ತೆ ಖಾಲಿ. ಕಾಕಾ ಹೇಳಿದ್ದನ್ನು ಓದಿ ಹೇಳಿ, 40ರಲ್ಲಿ ಹೋಗಿ ಪೂರ್ತಿ ಬ್ರೇಕ್ ಒತ್ತಿ ಅಂದೆ. ಗಟ್ಟಿ ಡಾಂಬರು ಮುಗಿದು ಮಣ್ಣು ಹಾಸಿದ ಕಡೆ. ಮೊದಲ ಸಲ ಪೆಡಲ್ ನಡುಗಿದ ತಕ್ಷಣ ಕಾಲು ತೆಗೆದರು. ಎರಡನೇ ಸಲ ಒತ್ತಿ ಬಿಟ್ಟು ಒತ್ತಿದರು, ಹಳೆಯ ರೂಢಿ. ಮೂರನೇ ಸಲ ಒತ್ತಿ ಹಿಡಿದು ಸ್ಟೇರಿಂಗ್ ತಿರುಗಿಸಿದರು, ಗಾಡಿ ತಿರುಗಿತು. ಏನೂ ಅನ್ನಲಿಲ್ಲ. ಇನ್ನೊಮ್ಮೆ, ಇನ್ನೊಮ್ಮೆ ಅಂತ ಏಳು ಸಲ ಮಾಡಿದರು, ನನಗೇ ತಲೆ ಸುತ್ತು ಬಂತು. ಮನೆಗೆ ಅವರೇ ಓಡಿಸಿಕೊಂಡು ಬಂದರು.

ಎರೆಮಣ್ಣು ಅಣ್ಣಾ, ನಿಮ್ಮ ಮಾತು ಓದಿ ಹೊರಗೆ ಹೋಗಿ ನೋಡಿದೆ. ಅವ್ವ ಲೋಗೋ ಮೇಲೇ ನಿಂಬೆಹಣ್ಣು ಕಟ್ಟಿದ್ದಳು. ತೆಗೆಯಬೇಕು ಅಂದೆ, ಅಮಾವಾಸ್ಯೆಗೆ ಕಟ್ಟಿದ್ದು ತೆಗೆಯುವ ಹಾಗಿಲ್ಲ ಅಂದಳು. ಕೊನೆಗೆ ಹಿಂದಿನ ಬಂಪರಿಗೆ ಕಟ್ಟುವುದು ಅಂತ ರಾಜಿ ಆಯಿತು. ಈಗ ರಿವರ್ಸ್ ಹಾಕಿದಾಗಲೆಲ್ಲ ಹಿಂದಿನ ಸೆನ್ಸರ್ ಕೂಗುತ್ತದೆ. ಇದನ್ನು ಎಲ್ಲಿ ಕಟ್ಟಬಹುದು ಹೇಳಿ.